ಮರಳಿ ಬಂದ ಬಾಟಲಿ

ತೋನ್ಲೆ ಸಾಪ್ ಸರೋವರದ ಮೇಲೆ ನಮ್ಮೂರು.
ಊರೆಂದರೆ ಡ್ರಮ್ಮು, ಬಿದಿರುಗಳ ಮೇಲೆ
ತೇಲಿಬಿಟ್ಟ ಎಂಬತ್ತೆರಡು ಮನೆ;
ನೀರು ಏರಿದರೆ ಏರುತ್ತೇವೆ, ಸರಿದರೆ ಸರಿಯುತ್ತೇವೆ.
ಗಂಜಿ ಬಸಿಯುವುದು ಇದಕ್ಕೇ, ಮೀನು ತೊಳೆಯುವುದು ಇದಕ್ಕೇ,
ಬೆಳಗಿನ ಬಾಧೆಯೂ ಇದಕ್ಕೇ. ಮುಚ್ಚಿಡುವುದೇನು?
ನೀರಿನ ನೆಂಟಸ್ತನ, ಗುಟುಕಿಗೆ ಬಡತನ.

ನಾನು ಕಿಮ್ ಲೆಂಗ್, ಅಂಗಡಿದೋಣಿಯವಳು.
ಸೋಪು, ಸಿಗರೇಟು, ನೂಡಲ್ಸು, ಬಾತುಮೊಟ್ಟೆ,
ಮತ್ತೆ ನೀರು.
ನೀರಿನ ಮೇಲೆ ಕೂತು ನೀರು ಮಾರುತ್ತಾಳೆ ಎಂದು
ಗಂಡ ಇದ್ದಾಗ ನಗುತ್ತಿದ್ದ.
ನಗಲಿ. ಬಾಟಲಿಗೆ ಇನ್ನೂರು ರಿಯಲ್ ಉಳಿಯುತ್ತಿತ್ತು.

ಸಾಲಕ್ಕೆ ಪುಸ್ತಕ ಇಟ್ಟವಳಲ್ಲ.
ಬಾಟಲಿಯ ತಳದಲ್ಲೇ ಚಾಕುವಿನಿಂದ ಗೀರುತ್ತಿದ್ದೆ:
ಸಾರೊಮನಿಗೆ ಮೀನಿನ ಬಾಲ,
ಹೆರಿಗೆಯಾದ ಥಿದಾಳಿಗೆ ಸೊನ್ನೆ.
ಖಾಲಿಯದನ್ನು ತಂದು ಕಾಸು ಕೊಟ್ಟರೆ ಚುಕ್ತಾ.
ಎಷ್ಟೋ ಜನ ತರಲಿಲ್ಲ;
ಬಾಟಲಿಯೂ ನೀರಿಗೆ, ನೆನಪೂ ನೀರಿಗೆ.
ಬಲೆಗೆ ಬಿದ್ದವನ್ನು ಗುಜರಿಯವನು
ಚೀಲಗಟ್ಟಲೆ ತೂಗಿ ಒಯ್ಯುತ್ತಿದ್ದ.
ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಏಪ್ರಿಲ್, ಹೊಸ ವರ್ಷ ಕಳೆದ ಮರುವಾರ
ಹೊಸ ಲೋಡು ಬಂತು.
ನೀಲಿ ಮುಚ್ಚಳ, ಕಟ್ಟುನಿಟ್ಟು ಸೀಲು,
ಲೇಬಲ್ಲಿನ ಮೇಲೆ ಹಿಮದ ಬೆಟ್ಟ
(ಹಿಮವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ).
ಒಂದನ್ನು ಎತ್ತಿ ಮಗುಚಿದೆ.
ತಳದಲ್ಲಿ ಮೀನಿನ ಬಾಲ.

ಸಾರೊಮ್ ಕುಡಿದು ಎಸೆದದ್ದು
ಯಾವುದೋ ಶೆಡ್ಡಿನ ಯಾವುದೋ ನಲ್ಲಿಯ ಕೆಳಗೆ ನಿಂತು
ಮೈ ಒರೆಸಿಕೊಂಡು, ಟೋಪಿ ಹಾಕಿಕೊಂಡು
ನನ್ನ ಬಳಿಗೇ ಬಂದಿತ್ತು, ದುಡ್ಡು ಕೇಳುತ್ತ.

ಥಿದಾಳ ಮಗುವಿಗೆ ಹಿಂದಿನ ತಿಂಗಳು ಭೇದಿ.
ಅದೇ ಕಾರಣವೋ ಬೇರೆಯೋ, ನಾನು ಹೇಳಲಾರೆ.
ಆದರೆ ಆ ಸೊನ್ನೆ ಗೀರಿದ ಕೈ ನನ್ನದು.

ಉಳಿದ ನೀರಿನಲ್ಲಿ ದೋಣಿ ತೊಳೆದು
ಕಾಂಪಾಂಗ್ ಛ್ನಾಂಗಿಗೆ ಹೊರಟೆ.
ಊರ ಹೆಸರೇ ಮಡಕೆಯ ಬಂದರು.
ಅಲ್ಲಿ ಸಾಮ್ ಓಲ್ ಎಂಬ ಮುದುಕಿ ಮಣ್ಣಿಗೆ
ಭತ್ತದ ಹೊಟ್ಟು ಬೆರೆಸಿ ತುಳಿಯುತ್ತಿದ್ದಳು.
"ಗಟ್ಟಿಯಾಗಲಿ ಅಂತಲಾ?"
"ಸುಟ್ಟುಹೋಗಲಿ ಅಂತ.
ಹೊಟ್ಟು ಉರಿದ ಜಾಗ ಖಾಲಿ ಉಳೀತದೆ, ಕಣ್ಣಿಗೆ ಕಾಣದಷ್ಟು.
ನೀರು ನುಸುಳ್ತದೆ, ಹುಳ ಹೊರಗೇ ನಿಲ್ತದೆ."
ಆಮೇಲೆ ಬೆಳ್ಳಿ ಬೆರೆತ ನೀರನ್ನು ಒಳಗೂ ಹೊರಗೂ ಬಳಿದಳು,
ಕೂಸಿಗೆ ಎಣ್ಣೆ ಹಚ್ಚುವ ಹಾಗೆ.

ತಂದು ದೋಣಿಯ ನಡುವೆ ಇಟ್ಟೆ.
ತಟ್.
ತಟ್.
ಗಂಟೆಗೆ ಎರಡು ಲೀಟರ್, ಅದೂ ಅದಕ್ಕೆ ಮನಸ್ಸಿದ್ದರೆ.
ನೀರು ಕುಡಿದಷ್ಟು ಸುಲಭ ಎನ್ನುವವರನ್ನು
ಕರೆತಂದು ಇದರ ಮುಂದೆ ಕೂರಿಸಬೇಕು.
ಸಾರೊಮ್ ಬಂದ, ಕಾದ, ಬೈದ,
ಇನ್ನೊಂದು ದೋಣಿಯಲ್ಲಿ ಬಾಟಲಿ ಕೊಂಡು ಹೋದ.
ಮಣ್ಣಿನ ವಾಸನೆ ಎಂದರು. ಇತ್ತು, ಸುಳ್ಳಲ್ಲ, ಮೂರು ದಿನ.
ಮೊದಲನೆಯದನ್ನು ಮೊಮ್ಮಗ ರತನಾ ಒಡೆದ, ಬೆಕ್ಕಿನ ಹಿಂದೆ ಓಡಿ.
ಮತ್ತೊಂದು ತಂದೆ.

ಈಗ ಹನ್ನೊಂದು ಮನೆಗಳಲ್ಲಿ ಆ ಸದ್ದಿದೆ.
ಸೌದೆ ಇದ್ದವರು ಕುದಿಸುತ್ತಾರೆ,
ಮಳೆಗಾಲದಲ್ಲಿ ತಗಡಿನ ನೀರು ಜಾಡಿಗೆ ಹಿಡಿಯುತ್ತಾರೆ.
ಉಳಿದವರಿಗೆ ಇನ್ನೂ ಹಿಮದ ಬೆಟ್ಟವೇ.
ನನಗೆ ಲಾಭ ಈಗ ಮೊಟ್ಟೆಯಲ್ಲಿ ಮಾತ್ರ.
ರಾತ್ರಿ ಎಚ್ಚರಾದರೆ ಕತ್ತಲಲ್ಲಿ ತಟ್ ಎನ್ನುತ್ತದೆ;
ಯಾರೋ ಸಾಲವನ್ನು
ಚಿಲ್ಲರೆಯಲ್ಲಿ ತೀರಿಸುತ್ತಿರುವ ಹಾಗೆ.

ಮಳೆ ಜೋರಾದಾಗ ನಮ್ಮ ನದಿ ತಿರುಗಿ ಹರಿಯುತ್ತದೆ,
ಕೆಳಗಿನ ಪೇಟೆಗಳಿಂದ ಮೇಲಕ್ಕೆ.
ನಾವು ಮರೆತದ್ದೆಲ್ಲ ಬಾಗಿಲಿಗೆ ಬಂದು ತಟ್ಟುತ್ತದೆ.
ಒಂದೊಂದು ಬಾಟಲಿಯನ್ನೂ ಎತ್ತಿ ಬುಡ ನೋಡುತ್ತೇನೆ,
ಇನ್ನಾರೂ ತುಂಬದಂತೆ ಅದೇ ಚಾಕುವಿನಿಂದ ಉದ್ದಕ್ಕೆ ಸೀಳುತ್ತೇನೆ.

ಮೀನಿನ ಬಾಲದ್ದೊಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ.
ಸಾರೊಮ್ ಅದರ ದುಡ್ಡು
ಇನ್ನೂ ಕೊಟ್ಟಿಲ್ಲ.