ಸಪ್ಪೆ ಸದ್ದು

ಯಲಹಂಕದಲ್ಲಿ ಬಾಗಿಲು ಹಾಕಿದ ಯಾವುದೋ ಸ್ಟುಡಿಯೋದಿಂದ
ಹದಿನಾಲ್ಕು ಸಾವಿರಕ್ಕೆ ಇಳಿಸಿಕೊಂಡು ತಂದೆ, ಜೋಡಿ ಸ್ಪೀಕರು.
ಶಿಡ್ಲಘಟ್ಟದ ಬಸ್ಸಿನಲ್ಲಿ ಒಂದು ನನ್ನ ತೊಡೆಯ ಮೇಲೆ,
ಒಂದು ಪಕ್ಕದ ಸೀಟಿನಲ್ಲಿ. ಅದಕ್ಕೆ
ಕಂಡಕ್ಟರು ಅರ್ಧ ಟಿಕೆಟ್ಟು ಹರಿದ.

ಕರಿ ಡಬ್ಬ, ಹಳದಿ ಕೋನು. ಬೆನ್ನಲ್ಲೇ ಆಂಪ್ಲಿಫೈಯರು,
ಬೆನ್ನಲ್ಲೇ ಕರೆಂಟು. ಒಂದೊಂದೂ ಹತ್ತು ಸೇರು ರಾಗಿಯ ತೂಕ.
ಕೆಳಗೆ ನಯಾಜ್ ಭಾಯಿಯ ರೀಲಿಂಗು ಮನೆ,
ಮೇಲೆ ನನ್ನ ಅಂಗಡಿ: ಮದುವೆ, ಸೀಮಂತ, ಗೃಹಪ್ರವೇಶ,
ಎಲ್ಲಕ್ಕೂ ವಿಡಿಯೋ.
ಗೋಡೆಗೂ ಗೂಡು ಬೇಯುವ ವಾಸನೆ.

ಕಂಪ್ಯೂಟರಿನ ಸಣ್ಣ ತೂತಿಗೆ ಕಡ್ಡಿಯಂಥ ಪಿನ್ನು,
ಅಲ್ಲಿಂದ ವೈರು ಕವಲೊಡೆದು
ಕಿರುಬೆರಳು ಗಾತ್ರದ ಎರಡು ಜಾಕು.
ಎಡಕ್ಕೆ ಎಡ, ಬಲಕ್ಕೆ ಬಲ. ಅಷ್ಟೇ ಅಂದುಕೊಂಡಿದ್ದೆ.

ಸ್ವಿಚ್ಚು ಒತ್ತಿದರೆ ಗುಂಯ್,
ಡಬ್ಬದೊಳಗೆ ಕಣಜ ಕೂತ ಹಾಗೆ.
ಮೌಸು ಸರಿಸಿದರೆ ಕಿರ್ರ್. ನಿಲ್ಲಿಸಿದರೆ ಮತ್ತೆ ಗುಂಯ್.
ಅರ್ಥಿನ ಪಿನ್ನು ಮುರಿದರೆ ಹೋಗುತ್ತೆ ಅಂದಿದ್ದರು ಯಾರೋ.
ಪಿಳ್ಳಪ್ಪ ಬಂದವನೇ ನನ್ನ ಕೈಯ ಇಕ್ಕಳ ಕಿತ್ತುಕೊಂಡ.
'ಸದ್ದು ಹೋಗುತ್ತೆ ಸ್ವಾಮಿ. ಜೊತೆಗೆ ನೀವೂ.'

ಎಲ್ಲ ಪ್ಲಗ್ಗನ್ನೂ ಒಂದೇ ಬೋರ್ಡಿಗೆ ತಂದ. ಅರ್ಧ ಹೋಯಿತು.
ಹಿತ್ತಿಲಿಗಿಳಿದು, ಚಪ್ಪಡಿ ಸರಿಸಿ, ಗುಂಡಿಗೆ ಕೈ ಹಾಕಿ
ಇದ್ದಿಲ ಪುಡಿ ಬೆರಳಲ್ಲಿ ಉದುರಿಸಿದ.
'ನೇಲ ಎಂಡಿಪೋಯಿಂದಪ್ಪಾ. ಸಾವಿರದೈನೂರು ಅಡಿ
ಕೊರೆದು ಎಳೆದುಕೊಂಡವರು ನಾವು,
ಇದಕ್ಕೊಂದು ಕೊಡ ಕೊಟ್ಟಿದ್ದೀವಾ?'
ಉಪ್ಪು ಸುರಿದ. ಮೆಹರುನ್ನೀಸಾ ಚಾಚಿ ಕೊಟ್ಟ ನೀರು ಸುರಿದ.
ಮೇಲೆ ಬಂದರೆ
ಎರಡು ಡಬ್ಬವೂ ಬಾಯಿ ಮುಚ್ಚಿಕೊಂಡು ಕೂತಿದ್ದವು.

ರೇಷ್ಮೆ ಎಳೆ ಹಿಡಿದು ಅಳೆದೆ:
ಒಂದರಿಂದ ಒಂದಕ್ಕೆ ಎಷ್ಟೋ, ಎರಡರಿಂದಲೂ ನನ್ನ ಮೂಗಿಗೆ ಅಷ್ಟೇ.
ಕಿವಿಯ ಎತ್ತರಕ್ಕೆ ಬರಲೆಂದು ಅಡಿಗೆ ಇಟ್ಟೆ
ಯಾರೂ ಬಂದು ಒಯ್ಯದ ಆಲ್ಬಮ್ಮುಗಳನ್ನು.

ಮೊದಲ ಹಾಡು ಸಪ್ಪೆ. ಬಸ್ಸಾರಿಲ್ಲದ ಮುದ್ದೆ.
ಹಳೆ ಪ್ಲಾಸ್ಟಿಕ್ಕು ಎಲ್ಲಕ್ಕೂ ಬೆಲ್ಲ ಹಾಕುತ್ತಿತ್ತು,
ಇವು ಇದ್ದದ್ದನ್ನು ಇದ್ದ ಹಾಗೆ ಬಡಿಸಿ ಸುಮ್ಮನಾಗುತ್ತವೆ.

ಕೈಗೆ ಸಿಕ್ಕ ಫೈಲು ತೆಗೆದೆ: ಜಂಗಮಕೋಟೆ, ವನಜಾಕ್ಷಿಯ ಆರತಕ್ಷತೆ.
(ಅವಳ ಆಲ್ಬಮ್ಮೇ ಎಡ ಸ್ಪೀಕರಿನ ಅಡಿಗೆ.)
ಹಾಸಿದ್ದ ಪಿಟೀಲನ್ನು ಇಳಿಸಿದೆ.
ಜನರೇಟರು. ನೆಲಕ್ಕೆ ಬಿದ್ದ ಸೌಟು.
ಯಾರದೋ ಗೆಜ್ಜೆ ಎಡದಿಂದ ಬಲಕ್ಕೆ ನಡೆಯಿತು,
ನಾನು ಕತ್ತು ತಿರುಗಿಸಿ ನೋಡಿದೆ.
ಆಮೇಲೆ ಒಬ್ಬ,
'ನಗಿ ಮೇಡಂ. ಹಲ್ಲು ಕಾಣಲಿ. ಇನ್ನೊಂದ್ಸಲ.'
ಯಾರಪ್ಪ ಇವನು ಒರಟ ಅಂದುಕೊಂಡೆ.
ನಾನೇ.

ಎಣಿಸಿದೆ, ಹನ್ನೊಂದು ಸಲ ನಗಿಸಿದ್ದೇನೆ.
ಏಳಕ್ಕೂ ಎಂಟಕ್ಕೂ ನಡುವೆ, ತುಸು ಬಲಕ್ಕೆ,
ಒಂದು ಉಸಿರಿನಷ್ಟು:
'ಕಾಲು ನೋಯ್ತಾವಣ್ಣ. ಒಂದ್ನಿಮಿಷ ಕೂತ್ಕೊಳ್ಳಾ?'
'ಲೈಟು ಈ ಕಡೆ' ಅನ್ನುತ್ತದೆ ನನ್ನ ದನಿ.

ಅದೇ ವಿಡಿಯೋ, ಅವರಿಗೆ ಕೊಟ್ಟ ಹಾಗೆಯೇ, ಫೋನಿಗೆ ಹಾಕಿ ಕೇಳಿದೆ.
ಗಿರಾಕಿಗಳು ಕೇಳೋದು ಅದರಲ್ಲೇ ತಾನೆ.
ಪಿಟೀಲು. ಬರೀ ಪಿಟೀಲು.

ಹಚ್ಚುವಾಗ ಸ್ಪೀಕರು ಕೊನೆಗೆ, ಆರಿಸುವಾಗ ಮೊದಲು,
ಇಲ್ಲದಿದ್ದರೆ ಎದೆಗೆ ಒದೆಯುತ್ತೆ ಅಂದಿದ್ದ ಪಿಳ್ಳಪ್ಪ.
ಇವತ್ತು ಮರೆತೆ. ಒದೆಯಿತು.

ಕೆಳಗೆ ರಾಟೆಗಳು ನಿಂತಿದ್ದವು.
ಕೊಡ ತುಂಬಿ, ಚಪ್ಪಡಿ ಸರಿಸಿ ಸುರಿದೆ,
ಕುಕ್ಕರಗಾಲಲ್ಲಿ ಅಲ್ಲೇ ಕೂತೆ.
ನೀರು ಇಂಗುವುದು ಕೇಳುತ್ತಿತ್ತು.