ಒಲೆ ಸರಿಸಿದ ದಿನ

ಒಲೆ ಸರಿಸುವುದೆಂದರೆ ಬರೀ ಒಲೆ ಸರಿಸುವುದಲ್ಲ,
ಅಂದಳು ವೆಲ್ಡರ್ ಡಿಲಿಸ್, ನನ್ನ ದೋಣಿಯ ನೆತ್ತಿ ಹತ್ತಿ ಕೂತು.
ಹೊಗೆ ಹೋದ ದಾರಿ ಅಲ್ಲೇ ಉಳಿಯುತ್ತದೆ.
ತೂತು ಕೊರೆಯಲು ಯಾರಾದರೂ ಸಾಕು,
ಮುಚ್ಚಲು ಕಸುಬು ಬೇಕು.

ಐವತ್ತೇಳು ಅಡಿ ಉದ್ದ, ಏಳಕ್ಕೂ ಕಡಿಮೆ ಅಗಲ,
ಕಾಲುವೆಯ ಮೇಲೆ ತೇಲುವ ಉಕ್ಕಿನದೊಂದು ಓಣಿ.
ಅದರ ಮೂತಿಯಲ್ಲಿ ಹನ್ನೊಂದು ಚಳಿಗಾಲ ಒಲೆ ಉರಿಯಿತು,
ಬಾಲದಲ್ಲಿ ನಾನು
ಕಾಲುಚೀಲದ ಮೇಲೆ ಕಾಲುಚೀಲ ಹಾಕಿ ಮಲಗಿದೆ.
ಜಾಗ ಗುರುತು ಮಾಡಿದವನು ರೋಲಂಡ್.
ಕುರ್ಚಿಯಿಂದ ಏಳದೆ, ಸೀಮೆಸುಣ್ಣ ಹಿಡಿದ ಕೈ ಚಾಚಿ,
ಇಲ್ಲಿ, ಎಂದ.
ಅಳತೆಪಟ್ಟಿ ಅವನ ಜೇಬಲ್ಲೇ ಇತ್ತು.
ಈಗವನು ಲೀಕ್ ಊರಿನಲ್ಲಿ,
ಗುಂಡಿ ತಿರುವಿದರೆ ಬಿಸಿಯಾಗುವ ಗೋಡೆಗಳ ನಡುವೆ, ಸುಖವಾಗಿದ್ದಾನೆ.
ಕ್ರಿಸ್‌ಮಸ್‌ಗೆ ಕಾರ್ಡು ಬರುತ್ತದೆ.

ಮೂರು ದಿನ ನಾನೇ ಬಿಚ್ಚಿದೆ:
ಮಸಿಹಿಡಿದ ಹೆಂಚು, ಪೈನ್ ಹಲಗೆ, ಹಲಗೆಯ ಬೆನ್ನಿಗೆ
ಹಳದಿ ಫೋಮು, ಒಣಗಿದ ಬ್ರೆಡ್ಡಿನ ಹಾಗೆ.
ಗೇಣಗಲ ಸಾಲದು, ಮೊಳದಗಲ ಕೆರೆ, ಅಂದಳು.
ಇದು ಮೊದಲು ಸುಮ್ಮನಿರುತ್ತದೆ,
ಆಮೇಲೆ ಒಳಗೊಳಗೇ ನಡೆದು
ನೀನು ಚಹಾ ಕುಡಿಯುವಾಗ ಹೊತ್ತಿಕೊಳ್ಳುತ್ತದೆ.
ನನ್ನ ತಾಯಿಯ ಸಿಟ್ಟು ನೆನಪಾಯಿತು,
ಇನ್ನೂ ಒಂದು ಗೇಣು ಹೆಚ್ಚಿಗೆ ಕೆರೆದೆ.

ಗ್ಯಾಸ್ ಸಿಲಿಂಡರುಗಳನ್ನು ದೂರದ ಹುಲ್ಲಿಗೆ ಸಾಗಿಸಿದೆವು,
ಬ್ಯಾಟರಿಯ ತಂತಿ ಕಳಚಿದೆವು,
ಕಿಟಕಿಗಳಿಗೆ ಒದ್ದೆ ಗೋಣಿ ಹೊದಿಸಿದೆವು,
ಬೆಕ್ಕನ್ನು ಪಕ್ಕದ ದೋಣಿಯ ಆಂಬ್ರೋಸ್ ಅಜ್ಜನಿಗೆ ಒಪ್ಪಿಸಿದೆವು.
ಅವನೋ, ಅದನ್ನು ಕಂಕುಳಲ್ಲಿ ಇರುಕಿಕೊಂಡು
ದಿನವಿಡೀ ದಡದಲ್ಲೇ ನಿಂತು ಸಲಹೆ ಕೊಟ್ಟ.

ಚಿಮಣಿಯ ಕೊರಳಪಟ್ಟಿ ಕಿತ್ತಾಗ ಕಂಡದ್ದು:
ಎಷ್ಟೋ ವರ್ಷಗಳಿಂದ ಮಳೆ ಬೋಲ್ಟಿನ ಸಂದಿಯಲ್ಲಿಳಿದು
ಉಕ್ಕನ್ನು ಎಲೆಯೆಲೆಯಾಗಿ ಬಿಡಿಸಿತ್ತು.
ಡಿಲಿಸ್ ಸುತ್ತಿಗೆಯಿಂದ ತಟ್ಟುತ್ತ ಹೋದಳು.
ಬೊದ್. ಬೊದ್. ಬೊದ್.
ಟಣ್.
ಟಣ್ ಅನ್ನುವಲ್ಲಿವರೆಗೂ ಕತ್ತರಿಸಬೇಕು, ಅಂದಳು.
ಹಾಗೆ ಐದಂಗುಲದ ತೂತು
ಹದಿನಾಲ್ಕು ಅಂಗುಲದ ಚೌಕವಾಯಿತು,
ಮೂಲೆಗಳು ಮಾತ್ರ ದುಂಡಗೆ.
ಬಿರುಕು ಹುಟ್ಟುವುದು ಚೂಪು ಮೂಲೆಯಲ್ಲಂತೆ.

ನನ್ನ ಪಾಲಿನ ಕೆಲಸ ಒಳಗೆ: ಬಕೆಟ್ಟು, ಒದ್ದೆ ಬಟ್ಟೆ, ಕಣ್ಣು.
ತಲೆಯ ಮೇಲೆ ಒಂದು ಚೌಕದಷ್ಟು ಸ್ಟಾಫರ್ಡ್‌ಶೈರಿನ ಆಕಾಶ,
ಪಾತ್ರೆ ತೊಳೆದ ನೀರಿನ ಬಣ್ಣ.
ಒಂದು ಬಾತು ಅದನ್ನು ಅಡ್ಡ ಹಾಯ್ದು ಹೋಯಿತು.
ಆಮೇಲೆ ಪ್ಲೇಟು ಬಂತು. ಕತ್ತಲು.
ಆಮೇಲೆ ಕತ್ತಲಿಗೊಂದು ಕೆಂಪು ಅಂಚು.
ಒಂದೇ ಸಮನೆ ಬೆಸೆಯಲಿಲ್ಲ ಅವಳು:
ಈ ಮೂಲೆಗೊಂದು ಹೊಲಿಗೆ, ಎದುರು ಮೂಲೆಗೊಂದು,
ನಡುವೆ ಉಕ್ಕು ತಣಿಯುವಷ್ಟು ಹೊತ್ತು.
ಅವಸರ ಮಾಡಿದರೆ ಚಾವಣಿ ಸುಟ್ಟ ಹಪ್ಪಳ.
ಆ ಬಿಡುವುಗಳಲ್ಲಿ ವೆಲ್ಶ್ ಭಾಷೆಯಲ್ಲಿ ಏನೋ ಗೊಣಗುತ್ತಿದ್ದಳು.
ಎಣಿಕೆಯೆಂದು ತಿಳಿದದ್ದು
ಪ್ರತಿ ಸಲ ಅದೇ ಶಬ್ದಕ್ಕೆ ನಿಲ್ಲುತ್ತಿದ್ದುದರಿಂದ.
ಒಮ್ಮೆ ಹಲಗೆಯ ಮೇಲೊಂದು ಕಿಡಿ ಬಿತ್ತು,
ಬಟ್ಟೆ ಹಾಕಿದೆ, ಚುಂಯ್ ಅಂತು.
ಇಡೀ ದಿನದಲ್ಲಿ ನಾನು ಮಾಡಿದ್ದು ಇಷ್ಟೇ.

ಇನ್ನೊಂದು ಗಂಟೆ ಅಲ್ಲೇ ಕೂತಿರು, ಅಂದು ಅವಳು ಕೈ ತೊಳೆಯಲು ಹೋದಳು.
ಎದ್ದು ನಿಂತು ತೇಪೆಗೆ ಅಂಗೈ ಒತ್ತಿದೆ.
ಬೆಚ್ಚಗಿತ್ತು.
ಆ ಜಾಗದಲ್ಲಿ ಕೊನೆಯ ಸಲ, ಅದೂ ಮೇಲಿನಿಂದ.

ಹೊಸ ತೂತು ನಟ್ಟನಡುವೆ, ಮೂರು ಸಲ ಅಳೆದದ್ದು.
ಅದರಿಂದ ಕಳಚಿಬಿದ್ದ ಬಿಲ್ಲೆಯ ಮೇಲೆ ಈಗ ಕೆಟಲ್ ಇಡುತ್ತೇನೆ.
ರೋಲಂಡ್ ಫೋನು ಮಾಡಿದ್ದ:
ಮಳೆ ಬಂದರೆ ಸೋರುತ್ತದಾ?
ಇಲ್ಲ, ಅಂದೆ. ಅವನಿಗೆ ಸ್ವಲ್ಪ ಬೇಜಾರಾಯಿತೇನೋ.

ರಾತ್ರಿ ಒಂದೇ ಜೊತೆ ಕಾಲುಚೀಲ.
ಬೆಕ್ಕು ಮಾತ್ರ ಇನ್ನೂ ಮೂತಿಯ ಕಡೆಗೇ ಹೋಗುತ್ತದೆ,
ಒಲೆಯ ನಾಲ್ಕು ಕಾಲು ಊರಿದ್ದ ಗುರುತಿನ ನಡುವೆ
ತಣ್ಣಗಿನ ನೆಲದ ಮೇಲೆ
ಮುದುರಿಕೊಂಡು ಮಲಗುತ್ತದೆ.