ಹನ್ನೊಂದು

ತಾರ್ತುವಿನಿಂದ ಬಂದು ಎರಡು ದಿನ
ಕುತೈಸಿಯಲ್ಲಿ ನನಗೆ ಹೆಸರೇ ಇರಲಿಲ್ಲ.
ಬಸ್ಸು ಹತ್ತುವಾಗ, ಇಳಿಯುವಾಗ
ಮಾರ್ಯೆ ಮೇಡಂ ಎಣಿಸುತ್ತಿದ್ದರು:
ಒಂಬತ್ತು, ಹತ್ತು,
ಹನ್ನೊಂದು ಅಂದರೆ ನಾನು.

ಸೇತುವೆ, ಇಗರ್ಜಿ, ಇಸವಿಗಳು
ಎಲ್ಲ ಬರೆದುಕೊಂಡೆ. ಒಂದನ್ನೂ ನೋಡಲಿಲ್ಲ.

ಮೂರನೆಯ ದಿನ ಎಲ್ಲರೂ ಏಳುವ ಮೊದಲೇ
ವಾಸನೆಯ ಜಾಡು ಹಿಡಿದು ಓಣಿಗಿಳಿದೆ.
ಮಣ್ಣಿನೊಲೆಯೊಳಗೆ ಅರ್ಧ ಮೈ ಬಗ್ಗಿಸಿದ್ದ ಹೆಂಗಸು
ಮೇಲೆದ್ದಳು, ಹುಬ್ಬಿಗೆಲ್ಲ ಹಿಟ್ಟು.
'ಗಮರ್ಜೋಬಾ' ಅಂದೆ, ಕಲಿತದ್ದು ಅದೊಂದೇ;
ಗೆಲುವಾಗಲಿ ಎಂದಂತೆ.
ತಿದ್ದಿದಳು. ಮತ್ತೆ ಅಂದೆ. ಮತ್ತೆ ತಿದ್ದಿದಳು.
ಆಮೇಲೆ ಸೋತು, ನಕ್ಕು,
ಉದ್ದನೆಯ ರೊಟ್ಟಿಯ ಬಿಸಿ ತುದಿ ಮುರಿದು ಕೈಗಿಟ್ಟಳು.
ಹೆಸರು ಕೇಳಿರಬೇಕು.
'ಪಿರೆಟ್' ಅಂದೆ. ಅದನ್ನು ಅವಳು ತಪ್ಪಾಗಿ ಅಂದಳು,
ನಾನು ತಿದ್ದಲಿಲ್ಲ.

ಬಸ್ಸಿನ ಹಾರ್ನು. ಓಡಿದೆ.
'ಹನ್ನೊಂದು? ಹನ್ನೊಂದೆಲ್ಲಿ?'
ಬಾಯಿಗೆ ಬಿಡುವಿರಲಿಲ್ಲ.